ದೇವರ ಕಟ್ಟೆ ಏರಿದ ಹಾರ್ಡ್ ಡಿಸ್ಕ್

ಹೆದರುವವರ ಮೇಲೆ ಹಾವು ಎಸೆದರು ಅಂತ ಗಾದೆ. ನನ್ನ ಮೇಲೆ ಜನ ಕಂಪ್ಯೂಟರ್ ಎಸೆಯುತ್ತಾರೆ. ನಾನು ಹುಟ್ಟಾ ಪುಕ್ಕಲ. ಲಿಫ್ಟಿನಲ್ಲಿ ಒಬ್ಬನೇ ಹೋಗುವುದಿಲ್ಲ. ಗ್ಯಾಸ್ ಸಿಲಿಂಡರ್ ಬದಲಿಸುವ ಹೊತ್ತಿಗೆ ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ, ಹೆಂಡತಿ ಬದಲಿಸುತ್ತಾಳೆ. ಇಂಥವನ ತಲೆಗೇ ಇಂಥವೆಲ್ಲ ಬಂದು ಕಟ್ಟಿಕೊಳ್ಳುತ್ತವೆ, ಯಾಕೋ ಗೊತ್ತಿಲ್ಲ. ಕಳೆದ ದಸರೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಎಂಜಿನಿಯರ್ ಆದ ಬಗೆ

ನನ್ನ ನೌಕರಿ ವಿಕ್ರೋಳಿಯ ಒಂದು ಕಂಪನಿಯ ಖರೀದಿ ವಿಭಾಗದಲ್ಲಿ. ಕಂಪ್ಯೂಟರ್ ಬಗ್ಗೆ ನನಗಿದ್ದ ಜ್ಞಾನ ಇಷ್ಟೇ: ಬೆಳಿಗ್ಗೆ ಹಚ್ಚುವುದು, ಸಂಜೆ ಆರಿಸುವುದು. ಹೀಗಿರುವಾಗ ಒಂದು ದಿನ ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲಿ, ನಮ್ಮ ಮೇಲಿನ ಮನೆಯ ಮರಾಠಿ ಹೆಂಗಸು, ಎಲ್ಲರೂ ಕಾಕೂ ಎಂದು ಕರೆಯುವವರು, ಓಡಿ ಬಂದರು. ಅವರ ಮನೆಯ ಕಂಪ್ಯೂಟರ್ ಸತ್ತು ಹೋಗಿತ್ತು. "ನೀವು ಕಂಪನಿಯಲ್ಲಿರುವವರು, ಬಂದು ನೋಡಿ" ಅಂದರು. ಇಲ್ಲ ಅನ್ನಲೂ ಹೆದರಿಕೆ, ಹೋಗಲೂ ಹೆದರಿಕೆ. ಹೋದೆ.

ಕಾಕೂನ ಯಜಮಾನರು ಆಗಲೇ ಎಲ್ಲ ವೈರುಗಳನ್ನು ಎಳೆದು ಮತ್ತೆ ಸಿಕ್ಕಿಸಿ ಸೋತು ಕೂತಿದ್ದರು. ಅದನ್ನು ಮುಟ್ಟಿದರೆ ಶಾಕ್ ಹೊಡೆದೀತು ಎಂದು ನಾನು ಮೊದಲು ಮೇಜಿನ ಕೆಳಗೆ ತೂರಿ ಗೋಡೆಯ ಸ್ವಿಚ್ಚನ್ನು ಒತ್ತಿದೆ. ಟಿಣ್ ಎಂದು ಕಂಪ್ಯೂಟರ್ ಎದ್ದು ಕೂತಿತು. ಆ ಸ್ವಿಚ್ ಮೊದಲಿನಿಂದಲೂ ಆಫ್ ಆಗಿತ್ತು. ಹೆದರಿ ಆಫ್ ಮಾಡಲು ಹೋದವನು ಆನ್ ಮಾಡಿದ್ದೆ. ಕಾಕೂ ಸಂಜೆಯೊಳಗೆ ಇಡೀ ಬಿಲ್ಡಿಂಗಿಗೆ ಸುದ್ದಿ ಮುಟ್ಟಿಸಿದರು. ಅಂದಿನಿಂದ ನೀರಿನ ಪಂಪು ನಿಂತರೂ ನನ್ನ ಬಾಗಿಲನ್ನೇ ಬಡಿಯುತ್ತಾರೆ.

ಮುರುಕು ಸಾಮಾನು

ನನ್ನ ಮಗಳು ಕಟ್ಟಡ ವಿನ್ಯಾಸ ಓದುತ್ತಾಳೆ, ಕೊನೆಯ ವರ್ಷ. ಒಂದು ವರ್ಷದಿಂದ ಹಗಲೂ ರಾತ್ರಿ ಗೀಚಿದ ನಕಾಶೆಗಳೆಲ್ಲ ನಮ್ಮ ಮನೆಯ ಕಂಪ್ಯೂಟರಿನಲ್ಲಿ. ದಸರೆಯ ಮರುದಿನ ಬೆಳಿಗ್ಗೆ ಅವನ್ನು ಕಾಲೇಜಿಗೆ ಕಳಿಸಬೇಕು, ತಪ್ಪಿದರೆ ವರ್ಷವೇ ಹೋಯಿತು.

ಆ ಕಂಪ್ಯೂಟರ್ ತೀರಾ ನಿಧಾನ ಎಂದು ಅವಳು ಗೋಳಾಡುತ್ತಿದ್ದಳು. ಅದಕ್ಕೇ ಗಣಪತಿ ಹಬ್ಬದ ರಜೆಯಲ್ಲಿ ನಾನೇ ವಿಡಿಯೋ ನೋಡಿಕೊಂಡು ಬಿಸ್ಕತ್ತಿನಷ್ಟು ಸಣ್ಣ ಹೊಸ ಡ್ರೈವ್ ಒಂದನ್ನು ಒಳಗೆ ಕೂರಿಸಿದ್ದೆ. ವಿಂಡೋಸನ್ನು ಹೊಸದರಲ್ಲೇ ಹಾಕಿದೆ, ನಕಾಶೆಗಳನ್ನೂ ಅದಕ್ಕೇ ಸಾಗಿಸಿದೆ. ಹಳೇ ಹಾರ್ಡ್ ಡಿಸ್ಕ್ ಪಕ್ಕದಲ್ಲೇ ಕಟಕಟ ಅನ್ನುತ್ತ ಕೂತಿತ್ತು. ಕಂಪ್ಯೂಟರ್ ಕುದುರೆ ಹಾಗೆ ಓಡತೊಡಗಿತು, ನನಗೂ ಜೀವಮಾನದಲ್ಲಿ ಮೊದಲ ಸಲ ಧೈರ್ಯ ಬಂತು. ಪುಕ್ಕಲನಿಗೆ ಧೈರ್ಯ ಬಂದರೆ ಮನೆಮಂದಿ ಹೆದರಬೇಕು, ಅದು ನಮಗೆ ಆಗ ಹೊಳೆಯಲಿಲ್ಲ.

ನಮ್ಮ ಅವ್ವ ವಿಜಯಪುರದ ಕಡೆಯವಳು, ಮುಂಬಯಿಗೆ ಬಂದು ಎಷ್ಟು ವರ್ಷವಾದರೂ ಖಂಡೇ ಪೂಜೆ ಬಿಟ್ಟವಳಲ್ಲ. ನವಮಿಯ ದಿನ ಮನೆಯ ಆಯುಧ, ಉಪಕರಣ ಎಲ್ಲಕ್ಕೂ ಪೂಜೆ. ಅದರ ಹಿಂದಿನ ದಿನ ಮನೆಯಲ್ಲಿ ಕೆಟ್ಟ ಸಾಮಾನು ಒಂದೂ ಇರಕೂಡದು. ಅಷ್ಟಮಿಯ ಸಂಜೆ ಅವಳು ಕಸಬರಿಗೆ ಹಿಡಿದು ಮೂಲೆಮೂಲೆ ತಡಕುತ್ತಿದ್ದುದನ್ನು ಕಂಡು ನನಗೂ ಹುರುಪು ಬಂತು. ಹಳೇ ಡಿಸ್ಕಿಗೆ ಇನ್ನೇನು ಕೆಲಸ ಎಂದು ಬಿಚ್ಚಿ ಹೊರಗೆ ತೆಗೆದೆ.

"ಏನ್ ಅದು ತಮ್ಮಾ?" ಅಂದಳು ಅವ್ವ.

"ಹಳೇದವ್ವಾ. ನಾಳಿ ಗುಜರಿ ಭಂಗಾರವಾಲಾಗ ಕೊಟ್ರಾತು."

"ಎಷ್ಟ್ ವರ್ಷ ದುಡದೈತಿ?"

"ಹುಡುಗಿ ಸಾಲಿಗಿ ಹೋಗೂ ಕಾಲದಿಂದ."

"ಅಷ್ಟ್ ದುಡದದ್ದನ್ನ ಹಬ್ಬದಾಗ ಗುಜರಿಗಿ ಹಾಕ್ತೀ? ಪೂಜಿ ಮಾಡಿ ಕಳಸೂದು ನಮ್ಮ ಪದ್ಧತಿ" ಎಂದು ಕಸಿದುಕೊಂಡಳು. ಒದ್ದೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದಳು. ನಾನು ಕಂಪ್ಯೂಟರಿನ ಮುಚ್ಚಳ ಹಾಕಿ ಸ್ಕ್ರೂ ಬಿಗಿದೆ. ಹಚ್ಚಿ ಮಾತ್ರ ನೋಡಲಿಲ್ಲ. ಹಚ್ಚಿದಾಗ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆ.

ನವಮಿ

ಭಾಂಡುಪ್‌ನ ಫ್ಲಾಟಿನಲ್ಲಿ ದೇವರ ಮನೆ ಎಂದರೆ ಅಡುಗೆಮನೆಯ ಮೂಲೆಯ ಒಂದು ಕಟ್ಟೆ. ನವಮಿಯ ಬೆಳಿಗ್ಗೆ ಅದರ ಮೇಲೆ ಈಳಿಗೆ, ಕತ್ತರಿ, ಅಡಕೊತ್ತು, ನಟ್ಟು ಬಿಚ್ಚುವ ನನ್ನ ಪಾನಾ, ಮಗಳ ಕಾಗದ ಕತ್ತರಿಸುವ ಕಟ್ಟರ್ ಎಲ್ಲ ಸಾಲಾಗಿ ಕೂತವು. ನಡುವೆ ವಿಭೂತಿ ಪಟ್ಟೆ ಬಳಿದುಕೊಂಡು, ಕುಂಕುಮ ಇಟ್ಟುಕೊಂಡು, ಚೆಂಡು ಹೂವಿನ ಹಾರ ಹಾಕಿಕೊಂಡು ನಮ್ಮ ಹಾರ್ಡ್ ಡಿಸ್ಕ್. ಕಂಪ್ಯೂಟರ್ ದೊಡ್ಡದು, ಕಟ್ಟೆಯ ಮೇಲೆ ಹಿಡಿಯದು. ಅದಕ್ಕೆ ಇದ್ದಲ್ಲೇ ಕುಂಕುಮ, ಹಾರ. ಅದನ್ನು ಬಳಸಬಹುದು, ಕಟ್ಟೆ ಏರಿದ್ದನ್ನು ಮಾತ್ರ ದಶಮಿಯ ಪೂಜೆಯವರೆಗೆ ಮುಟ್ಟುವಂತಿಲ್ಲ ಎಂದು ಅವ್ವ ಘೋಷಿಸಿದಳು.

ಪೂಜೆ ಮುಗಿಯುವ ಹೊತ್ತಿಗೆ ಮಗಳ ಫೋನು. ಅವಳು ಗೆಳತಿಯ ಜೊತೆ ರಟ್ಟಿನ ಮಾದರಿ ಅಂಟಿಸಲು ಬೊರಿವಲಿಗೆ ಹೋಗಿದ್ದಳು. "ಪಪ್ಪಾ, ಸಂಜೀಕ ಬರ್ತೀನಿ. ಕಂಪ್ಯೂಟರ್ ಚಾಲೂ ಇಡ್ರಿ, ಓಕೆ? ಬಹುತ್ ಕೆಲಸ ಐತಿ" ಅಂದಳು.

ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪಗಾಯಿತು, ಅದರ ಮೂಲೆಯಲ್ಲಿ ಬಿಳಿ ಅಕ್ಷರ ಮೂಡಿತು: ಬೂಟ್ ಆಗಲು ಯಾವ ಡ್ರೈವೂ ಸಿಗುತ್ತಿಲ್ಲ, ಸರಿಪಡಿಸಿ ಯಾವುದಾದರೂ ಗುಂಡಿ ಒತ್ತಿ. ಯಾವುದಾದರೂ ಯಾಕೆ, ಎಲ್ಲ ಗುಂಡಿಗಳನ್ನೂ ಒತ್ತಿದೆ. ಅದೇ ಅಕ್ಷರ. ಆರಿಸಿದೆ, ಹಚ್ಚಿದೆ. ಅದೇ. ಮಗಳ ಒಂದು ವರ್ಷ ಆ ಕಪ್ಪು ಪರದೆಯ ಹಿಂದೆ ಎಲ್ಲೋ ಹೋಗಿಬಿಟ್ಟಿತು, ನಾನೇ ಕೈಯಾರೆ ಕಳೆದೆ.

ಅಷ್ಟರಲ್ಲಿ ಹೆಂಡತಿ ಬಂದಳು. "ಏನಾತ್ರೀ?"

"ಏನಿಲ್ಲ. ಅದು ವಿಚಾರ ಮಾಡಾಕತ್ತೈತಿ."

ಅವಳು ಪರದೆಯನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದಳು. "ಏನ್ ಬಿಚ್ಚೀರಿ?" ಅಂದಳು.

ಕಂಪ್ಯೂಟರಿಗೆ ಇನ್ನೂ ಸಿಗದ ದೋಷ ಅವಳಿಗೆ ಒಂದೇ ನೋಟಕ್ಕೆ ಸಿಕ್ಕಿತ್ತು.

ಶೆಟ್ಟರ ಚಿಕಿತ್ಸೆ

ನಮ್ಮ ಬಿಲ್ಡಿಂಗಿನ ಕೆಳಗೆ ಉಡುಪಿ ಕಡೆಯ ಶೆಟ್ಟರ ಹೋಟೆಲು. ಅವರ ಗಲ್ಲಾದ ಮೇಲೂ ಒಂದು ಕಂಪ್ಯೂಟರ್ ಇದೆಯಲ್ಲ ಎಂದು ಹೆಂಡತಿಯೇ ಅವರನ್ನು ಕರೆತಂದಳು. ಶೆಟ್ಟರು ಕೈ ಒರೆಸಿಕೊಂಡು ಒಂದು ಸುತ್ತು ಬಂದರು.

"ಇದಕ್ಕೆ ಪೆಟ್ಟು ಕೊಟ್ಟಿದ್ದೀರಾ?" ಅಂದರು.

"ಇಲ್ಲ."

"ಮತ್ತೆ ಹೇಗೆ ಏಳ್ತದೆ ಮಾರಾಯ್ರೆ? ನಮ್ಮದು ದಿನಾ ಬೆಳಿಗ್ಗೆ ಎರಡು ತಿಂದ ಮೇಲೆಯೇ ಏಳುವುದು."

ನಾನು ಬೇಡ ಅನ್ನುವಷ್ಟರಲ್ಲಿ ಪಟ್ ಎಂದು ಬಾರಿಸಿಯೇಬಿಟ್ಟರು. ಹಾರ ಉದುರಿತು. ಎರಡನೆಯ ಪೆಟ್ಟಿಗೆ ಮೇಲಿದ್ದ ಕುಂಕುಮವೆಲ್ಲ ಹಾರಿ ಶೆಟ್ಟರ ಮೂಗಿಗೆ ಹೋಯಿತು. ಅವರು ಸೀನಿದ ರಭಸಕ್ಕೆ ಪರದೆ ಅಲುಗಿತು, ಅಕ್ಷರ ಅಲುಗಲಿಲ್ಲ. ಕೊನೆಗೆ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಮಗಳಿಗೆ ಎಂಥ ಹೇಳುವುದು ಅಂತ ಈಗಲೇ ನೋಡಿಕೊಳ್ಳಿ. ನಮ್ಮಲ್ಲಿ ಗಿರಾಕಿಗೆ ಸಿಟ್ಟು ಬಂದರೆ ಮೊದಲು ಒಂದು ಪಾಯಸ ಕಳಿಸ್ತೇವೆ. ಆಮೇಲೆ ಮಾತು."

ತುಸು ಹೊತ್ತಿಗೆ ಕೆಳಗಿನಿಂದ ಪಾಯಸ ಬಂತು. ಕಂಪ್ಯೂಟರಿಗೆ ಜೀವ ಬರಲಿಲ್ಲ.

ಹಾರ ಹಾಕಿದ ಮೇಲೆ

ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿಗೆ ಒಬ್ಬ ಮರಾಠಿ ಗೃಹಸ್ಥ ಇದ್ದಾನೆ. ಹಬ್ಬದ ದಿನ ಕಾಡಬಾರದು ಎಂದುಕೊಂಡರೂ ಪಾಯಸ ಕಂಡ ಮೇಲೆ ತಡೆಯಲಾಗಲಿಲ್ಲ, ಫೋನ್ ಮಾಡಿದೆ. ಅವನು ಲೋಕಲ್‌ನಲ್ಲಿ ನಿಂತು ಮಾವನ ಮನೆಗೆ ಹೊರಟಿದ್ದ. ಎಲ್ಲ ಕೇಳಿಕೊಂಡು ಹಿಂದಿಯಲ್ಲಿ ಸಮಾಧಾನ ಹೇಳಿದ: "ಹೊಸದರಲ್ಲಿ ವಿಂಡೋಸ್ ಹಾಕುವಾಗ ಹಳೇದೂ ಒಳಗೇ ಇತ್ತಲ್ಲ ಸರ್? ಎಬ್ಬಿಸುವ ಫೈಲು ಹಳೇದರಲ್ಲೇ ಉಳಿದಿದೆ. ಸಾಮಾನೆಲ್ಲ ಹೊಸ ಮನೆಗೆ ಹೋಯಿತು, ಬೀಗದ ಕೈ ಹಳೇ ಮನೆಯ ಮೊಳೆಯಲ್ಲಿ ಉಳಿಯಿತು, ಅಷ್ಟೇ. ಹಳೇದನ್ನು ವಾಪಸ್ ಹಚ್ಚಿ, ಎದ್ದು ಕೂರುತ್ತದೆ."

"ನಕಾಶೆಗಳು?"

"ಅವಕ್ಕೆ ಏನೂ ಆಗಿರುವುದಿಲ್ಲ. ಹಳೇ ಡಿಸ್ಕ್ ಎಲ್ಲಿದೆ?"

"ದೇವರ ಹತ್ತಿರ."

ರೈಲಿನ ಗದ್ದಲದಲ್ಲಿ ಅವನು ದನಿ ಏರಿಸಿದ.

"ಅಂದರೆ... ಹಾರ ಗೀರ ಹಾಕಿದ್ದೀರಾ?"

"ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಎಲ್ಲ ಆಗಿದೆ."

"ಅರೆರೆ" ಎಂದ, ದನಿ ತಗ್ಗಿಸಿ. "ಹಾಗಾದರೆ ಅದು ಹೋಗಿಬಿಟ್ಟಿದೆ ಅನ್ನಿ. ಯಾವಾಗ ಹೋಯಿತು ಸರ್?"

ಅವ್ವನ ಕಾಯಿದೆ

ಅವ್ವ ಅಡುಗೆಮನೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. ಚಿಕ್ಕಂದಿನಲ್ಲಿ ಗಾಜಿನ ಬರಣಿ ಒಡೆದು ಅವಳ ಮುಂದೆ ನಿಂತಂತೆ ನಿಂತೆ.

"ಅವ್ವಾ, ಆ ಡಿಸ್ಕ್ ಒಂದ್ ಸ್ವಲ್ಪ ಬೇಕಾಗಿತ್ತು."

"ನಾಳಿ ಉತ್ತರಪೂಜಿ ಆದಮ್ಯಾಗ ತಗೋ."

"ಇವತ್ತ ಬೇಕವ್ವಾ. ಹುಡುಗೀದು ಪರೀಕ್ಷಾದ ಕೆಲಸ ಅದರಾಗ ಸಿಕ್ಕೊಂಡೈತಿ. ಸಂಜೀಕ ಬರ್ತಾಳ. ಏನಂತ ಹೇಳ್ಲಿ ಅಕೀಗಿ?" ಅಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು. "ಕಟ್ಟಿ ಏರಿದ್ದನ್ನ ನಾ ಇಳಿಸಿ ಕೊಡಾಕ ಬರೂದಿಲ್ಲಪಾ. ನಿಮ್ಮಪ್ಪ ದಾಡಿ ಮಾಡೂ ಕತ್ತಿನೂ ಪೂಜಿಗಿ ಇಟ್ಟು, ಗಡ್ಡ ಬಿಟ್ಕೊಂಡ ಕಚೇರಿಗಿ ಹೋಗ್ತಿದ್ರು. ಸಾಹೇಬ್ರು ಬೈದ್ರೂ ತೆಗೀಲಿಲ್ಲ."

ನಾನು ಗೋಡೆ ಹಿಡಿದು ನಿಂತೆ. ಅವ್ವ ಚಾಪೆ ಬಿಡಿಸಿ, ಸೊಸೆಗೆ "ಪ್ಯಾಟಿಗಿ ಹೋಗಿ ಹೂವು ತಗೊಂಡ್ ಬಾ, ಸಂಜೀಕ ಹೆಣ್ಮಕ್ಕಳು ಅರಿಷಿಣ ಕುಂಕುಮಕ್ಕ ಬರ್ತಾರ" ಎಂದು ಹೇಳಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ನಾ ಮಲಗತೀನಿ. ತಾಸೊಪ್ಪತ್ತು ಏಳೂದಿಲ್ಲ. ಆನಿ ಬಂದ್ರೂ ಎಚ್ಚರ ಆಗೂದಿಲ್ಲ" ಅಂದಳು.

ಮಗ ಸಾಯುತ್ತಿದ್ದರೂ ಇವಳಿಗೆ ನಿದ್ದೆ ಹೇಗೆ ಬರುತ್ತದೋ ಎಂದು ನನಗೆ ಸಿಟ್ಟೇ ಬಂತು.

ಕಳ್ಳನ ಕೆಲಸ

ಅವ್ವ ಮಲಗಿದ ಸ್ವಲ್ಪ ಹೊತ್ತಿಗೇ ಗೊರಕೆ ಶುರುವಾಯಿತು. ಅವಳು ಗೊರಕೆ ಹೊಡೆದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಬ್ಬದ ಕೆಲಸ, ದಣಿದಿದ್ದಾಳೆ ಪಾಪ ಎಂದುಕೊಂಡೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಆಗ ನನ್ನ ತಲೆಯಲ್ಲಿ ಒಂದು ದುರ್ಬುದ್ಧಿ ಹೆಡೆಯೆತ್ತಿತು.

ತೆಗೆದರೆ ಜಾಗ ಖಾಲಿ ಕಾಣುತ್ತದೆ. ಅದೇ ಗಾತ್ರದ್ದು ಏನಾದರೂ ಇಡಬೇಕು. ಹೆಂಡತಿಯ ಫೋನು ಚಾರ್ಜ್ ಮಾಡುವ ಪವರ್ ಬ್ಯಾಂಕ್ ಕಣ್ಣಿಗೆ ಬಿತ್ತು. ಇಟ್ಟಿಗೆಯಂಥದ್ದು, ಹೂವಿನಡಿ ಗೊತ್ತಾಗುವುದಿಲ್ಲ. ಅದನ್ನು ಹಿಡಿದು ಅಡುಗೆಮನೆಗೆ ಬಂದೆ. ಅವ್ವ ಕಟ್ಟೆಗೂ ಫ್ರಿಜ್ಜಿಗೂ ನಡುವೆ ಅಡ್ಡ ಮಲಗಿದ್ದಳು. ಮಲಗಿದವರನ್ನು ದಾಟಬಾರದು, ಅದರಲ್ಲೂ ಹೆತ್ತ ತಾಯಿಯನ್ನು. ಫ್ರಿಜ್ಜಿಗೆ ಬೆನ್ನು ಹಚ್ಚಿ ನಿಂತುಬಿಟ್ಟೆ. ಅದೇ ಹೊತ್ತಿಗೆ ಅವ್ವ ನಿದ್ದೆಯಲ್ಲೇ ಕಾಲು ಮಡಚಿಕೊಂಡಳು, ದಾರಿ ಆಯಿತು. ದೈವ ಸಹಾಯ ಎಂದುಕೊಂಡು ಮುಂದೆ ಹೋದೆ.

ದೇವರಿಗೆ ಮನಸ್ಸಿನಲ್ಲೇ ಸಾವಿರ ಸಲ ತಪ್ಪಾಯಿತು ಅಂದೆ. ಹೂವು ಸರಿಸಿ ಡಿಸ್ಕ್ ತೆಗೆದೆ, ಪವರ್ ಬ್ಯಾಂಕ್ ಇಟ್ಟೆ, ಹೂವು ಮುಚ್ಚಿದೆ. ಹಿಂದೆ ತಿರುಗುವಾಗ ತಲೆ ನೇತಾಡುವ ಗಂಟೆಗೆ ತಾಗಿ ಟಣ್ ಅಂದಿತು. ಗೊರಕೆ ನಿಂತಿತು. ನನ್ನ ಉಸಿರೂ ನಿಂತಿತು. ಆಮೇಲೆ ಗೊರಕೆ ಮೊದಲಿಗಿಂತ ಜೋರಾಗಿ ಶುರುವಾಯಿತು.

ಡಿಸ್ಕಿನ ಸಂದಿಯಲ್ಲಿ ಸಿಕ್ಕಿದ್ದ ಕುಂಕುಮ, ಅಕ್ಷತೆಗಳನ್ನು ಹಳೇ ಟೂತ್‌ಬ್ರಶ್ಶಿನಿಂದ ತೆಗೆದು, ಒಳಗೆ ಕೂರಿಸಿ, ವೈರು ಸಿಕ್ಕಿಸಿ, ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದೆ. ಕಟಕಟ ಶಬ್ದ ಕೇಳಿಸಿತು. ಒಂದು ಕಾಲಕ್ಕೆ ತಲೆನೋವು ತಂದ ಆ ಶಬ್ದ ಈಗ ಮಂಗಳಾರತಿಯಾಗಿ ಕೇಳಿತು. ಕಣ್ಣು ಬಿಟ್ಟರೆ ಮಗಳ ಮನೆಗಳು, ಮೆಟ್ಟಿಲುಗಳು, ಕಿಟಕಿಗಳು ಎಲ್ಲ ಇದ್ದಲ್ಲೇ ಇದ್ದವು. ಗಂಡಸು ಅಳಬಾರದು ಅನ್ನುತ್ತಾರೆ. ನಾನು ಶೆಟ್ಟರ ಪಾಯಸ ತಿನ್ನುತ್ತ ಅತ್ತೆ.

ನೀಲಿ ಕಣ್ಣು

ಸಂಜೆ ಮಗಳು ಬಂದಳು. ಹೆಂಡತಿ ಪೇಟೆಯಿಂದಲೇ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಿದ್ದಳು. ಬೊರಿವಲಿಯಿಂದ ಭಾಂಡುಪ್‌ವರೆಗೆ ಅತ್ತುಕೊಂಡೇ ಬಂದ ಹುಡುಗಿ ಚಪ್ಪಲಿ ಬಿಡದೆ ಕಂಪ್ಯೂಟರ್ ಮುಂದೆ ನಿಂತಳು. ಅದು ಮಿನುಗುತ್ತಿತ್ತು. ನನ್ನನ್ನು ತಬ್ಬಿಕೊಂಡಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಪಪ್ಪಾ, ಹಳೇ ಡಿಸ್ಕ್ ಇಲ್ಲದ ಚಾಲೂ ಆಗೂದಿಲ್ಲ ಅಂತ ಮಮ್ಮಿ ಹೇಳಿದ್ಲು. ಅದು ತೋ ಪೂಜಾದಾಗ ಐತಿ. ಫಿರ್ ಇದು ಕೈಸೇ ಚಾಲೂ ಆತು?"

ನಾನು ಅಡುಗೆಮನೆಯ ಕಡೆ ನೋಡಿದೆ. ಅಡುಗೆಮನೆಯಲ್ಲಿ ಅರಿಷಿಣ ಕುಂಕುಮಕ್ಕೆ ಬಂದ ಹೆಂಗಸರು ತುಂಬಿದ್ದರು. ಮೇಲಿನ ಮನೆಯ ಕಾಕೂ ಎಲ್ಲರಿಗಿಂತ ಮುಂದೆ, ಡಿಸ್ಕಿನ ಕಥೆಯನ್ನೆಲ್ಲ ಆಗಲೇ ಕೇಳಿಕೊಂಡು. ಆರತಿಗೆ ಮೊದಲು ಅವ್ವ ಆ ಹೂವಿನ ಗುಡ್ಡೆಯ ಮೇಲೆ ಒಂದು ತೆಂಗಿನಕಾಯಿ ಇಟ್ಟಳು. ಕಾಯಿಯ ಭಾರಕ್ಕೆ ಒಳಗಿನ ಗುಂಡಿ ಒತ್ತಿತೋ ಏನೋ, ಚೆಂಡು ಹೂವಿನ ಸಂದಿಯಿಂದ ಸಾಲಾಗಿ ನೀಲಿ ದೀಪಗಳು ಹೊತ್ತಿಕೊಂಡವು.

"ದೇವೀ ಪಾವಲೀ!" ಎಂದು ಕಾಕೂ ಕಿರುಚಿದರು. ದೇವಿ ಒಲಿದಳು ಎಂದು ಅರ್ಥ. ಅವರು ಕಟ್ಟೆಯನ್ನು ನೋಡಿದರು, ಬಾಗಿಲಾಚೆ ಬೆಳಗುತ್ತಿದ್ದ ಕಂಪ್ಯೂಟರನ್ನು ನೋಡಿದರು, ಎರಡನ್ನೂ ಕೂಡಿಸಿ ಲೆಕ್ಕ ಮುಗಿಸಿದರು. ಡಿಸ್ಕ್ ದೇವಿಯ ಪಾದದಲ್ಲಿ, ಕಂಪ್ಯೂಟರ್ ತಾನಾಗಿ ಶುರು! ಹೆಂಗಸರೆಲ್ಲ ಕೈಮುಗಿದರು. ಮಗಳೂ ಮುಗಿದಳು. ಅವ್ವ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಗಂಟೆಯನ್ನು ಇನ್ನಷ್ಟು ಜೋರಾಗಿ ಬಾರಿಸಿದಳು.

ಹೆಂಡತಿ ಕಣ್ಣು ಮುಚ್ಚಿ ಕೈಮುಗಿದು ನಿಂತವಳು ನನ್ನ ಕಡೆ ವಾಲಿ ಕಿವಿಯಲ್ಲಿ ಕೇಳಿದಳು: "ಏನ್ರೀ, ನನ್ನ ಪವರ್ ಬ್ಯಾಂಕ್ ಎಲ್ಲಾರ ನೋಡೀರೇನು?"

ದೇವಿಯ ಎದುರು ಅಂಥ ಲೌಕಿಕ ಮಾತು ಆಡಬಾರದು ಅಂದೆ.

ಬನ್ನಿ

ದಶಮಿಯ ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಕಾಕೂ ಸುಟ್ಟು ಕೂತ ಮಿಕ್ಸರ್ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತು ದೇವಿಯ ಹತ್ತಿರ ಇಟ್ಟುಕೊಳ್ಳಿ, ಸಂಜೆ ಒಯ್ಯುತ್ತೇನೆ ಅಂದರು. ಶೆಟ್ಟರು ಕೆಳಗಿನಿಂದ, ತಮ್ಮ ಗಲ್ಲಾದ ಕಂಪ್ಯೂಟರನ್ನು ಮೇಲೆ ತರಬೇಕೋ ಅಥವಾ ದೂರದಿಂದಲೇ ಹರಕೆ ಹೊತ್ತರೆ ಸಾಕೋ ಎಂದು ಕೇಳಿ ಕಳಿಸಿದರು.

ಇತ್ತ ಮಗಳು ಮಧ್ಯಾಹ್ನದೊಳಗೆ ಕೊನೆಯ ಹಾಳೆಯನ್ನೂ ಮುಗಿಸಿ, ಗಡುವಿಗೆ ಮೊದಲೇ ಎಲ್ಲ ಕಾಲೇಜಿಗೆ ಕಳಿಸಿಬಿಟ್ಟಳು. ಹೋಯಿತು ಅನ್ನುವ ಹಸಿರು ಗುರುತು ಪರದೆಯ ಮೇಲೆ ಬಂದಾಗ ಎದೆಯ ಮೇಲಿನ ಬಂಡೆ ಇಳಿಯಿತು. ಇಳಿದ ಜಾಗಕ್ಕೆ ಇನ್ನೊಂದು ಬಂತು. ಇನ್ನು ಉತ್ತರಪೂಜೆ. ಅವ್ವ ಹೂವು ಸರಿಸುತ್ತಾಳೆ. ಅಡಿಯಲ್ಲಿ ಪವರ್ ಬ್ಯಾಂಕ್. ಹಬ್ಬದ ದಿನ ಕಟ್ಟೆಗೆ ಕೈ ಹಾಕಿದ ಮಗ ಎಂದು ಅವಳು ಮುಖ ತಿರುಗಿಸಿಬಿಟ್ಟರೆ ನಾನು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ?

ಅವ್ವ ಸೊಸೆ, ಮೊಮ್ಮಗಳನ್ನು ಬನ್ನಿ ಎಲೆ ತರಲು ಕೆಳಗೆ ಕಳಿಸಿದಳು. ಮುಂಬಯಿಯಲ್ಲಿ ಸಿಗುವುದು ಆಪ್ಟೆಯ ಎಲೆ, ಅವಳು ಅದನ್ನೇ ಬನ್ನಿ ಅನ್ನುತ್ತಾಳೆ. ಆಮೇಲೆ ನನ್ನನ್ನು ಕರೆದಳು. ಕಾಲು ಎಳೆಯುತ್ತ ಹೋದೆ. ಆರತಿ ಎತ್ತಿದಳು, ಅಕ್ಷತೆ ಹಾಕಿ ಪೂಜೆ ಕದಲಿಸಿದಳು. ಈಳಿಗೆ ಎತ್ತಿಟ್ಟಳು, ಕತ್ತರಿ, ಅಡಕೊತ್ತು ಎತ್ತಿಟ್ಟಳು. ಕೊನೆಗೆ ಹೂವಿನ ಗುಡ್ಡೆಗೆ ಕೈ ಹಾಕಿ, ಅಡಿಯಲ್ಲಿದ್ದುದನ್ನು ತೆಗೆದು, ಕಣ್ಣಿಗೆ ಒತ್ತಿಕೊಂಡು, ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

"ತಗೋ. ನಿನ್ನ ಹೆಂಡತಿ ಫೋನಿನ ಡಬ್ಬಿ. ಪಾಪ, ನಿನ್ನೆಯಿಂದ ಹುಡುಕಾಕತ್ತಾಳ."

"ಅವ್ವಾ... ನಿನಗ ಗೊತ್ತಿತ್ತಾ?"

"ಗಂಟಿಗಿ ತಲಿ ಬಡಕೊಂಡಿ, ಪೆಟ್ಟಾತೇನು?"

"ಮತ್ತ ಕೇಳಿದಾಗ ಕೊಡಲಿಲ್ಲಲ್ಲ ನೀ!"

"ನಾ ಕೊಟ್ರ ನನ್ನ ವ್ರತ ಕೆಡತೈತಿ. ಕಳ್ಳ ಒಯ್ದ್ರ ನಾ ಏನ್ ಮಾಡ್ಲಿ? ಮಲಗತೀನಿ ಅಂತ ಹೇಳ್ದೆ, ಸೊಸೀನ್ನ ಹೊರಗ ಕಳಸ್ದೆ, ಕಾಲ ಮಡಚಿ ದಾರಿ ಬಿಟ್ಟೆ. ನೀ ನೋಡಿದ್ರ ಫ್ರಿಜ್ಜಿಗಿ ಅಂಟ್ಕೊಂಡ ನಿಂತಬಿಟ್ಟಿ! ಎಷ್ಟೊತ್ತು ಗೊರಕಿ ಹೊಡೀಲೋ ಮಾರಾಯಾ, ಗಂಟಲಾ ಹರದು ಹೋತು."

ನಾನು ನಗಬೇಕೋ ಅಳಬೇಕೋ ತಿಳಿಯದೆ ಅವಳ ಕಾಲಿಗೆ ಬಿದ್ದೆ. ಅವ್ವ ಬೆನ್ನು ತಟ್ಟಿ ಎಬ್ಬಿಸಿದಳು. ಮೂಲೆಯಲ್ಲಿದ್ದ ಕಾಕೂನ ಮಿಕ್ಸರನ್ನು ನನ್ನ ಮುಂದೆ ಸರಿಸಿದಳು. ಆಮೇಲೆ ಚಾಪೆ ಬಿಡಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

"ಸಂಜೀಕ ಕಾಕೂ ಬರ್ತಾಳ, ದೇವಿ ಮರ್ಯಾದಿ ಪ್ರಶ್ನಿ" ಅಂದಳು. "ನಾ ಗೊರಕಿ ಹೊಡಿಯೂದ್ರಾಗ ರಿಪೇರಿ ಮಾಡಿ ಮುಗಸು."